ಮೊದಲ ಕಿವಿ

ಹಾಲಮ್ಮ ಅವಲಕ್ಕಿ ಮಿಲ್ಲಿನ ಹುರಿಯುವ ಒಲೆಯ ಮುಂದೆ ಕುಸಿದು ಬಿದ್ದ ದಿನ ಊರಿನವರೆಲ್ಲ ಕೇಳಿದ್ದು ಒಂದೇ ಮಾತು: ಯಾರ ಮನೆಯ ಸುದ್ದಿ? ಏನಾಯಿತು ಎಂದು ಯಾರೂ ಕೇಳಲಿಲ್ಲ, ಅದು ಎಲ್ಲರಿಗೂ ಗೊತ್ತೇ ಇತ್ತು. ಎದೆ ಹಿಡಿದುಕೊಂಡು, ಬೆವೆತು, ತುಟಿ ಬಿಳಿಚಿಕೊಂಡು ಬಿದ್ದಿದ್ದಾಳೆಂದರೆ ಯಾರದೋ ಕೆಟ್ಟ ಸುದ್ದಿ ಕೇಳಿದ್ದಾಳೆ ಎಂದೇ ಅರ್ಥ. ಹಾಲಮ್ಮ ನಮ್ಮ ಓಣಿಯ ಮೊದಲ ಕಿವಿ. ನಾನು ಅವಳ ವಾರಗಿತ್ತಿ ರುದ್ರಮ್ಮ, ಅವಳ ಗಂಡ ಚಂದ್ರಪ್ಪನ ತಮ್ಮನ ಹೆಂಡತಿ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿಕೊಂಡು, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗಾಗಿ ಜಗಳವಾಡಿಕೊಂಡು, ಸಂಜೆಗೆ ಮತ್ತೆ ಒಬ್ಬರ ಸಾರು ಒಬ್ಬರು ಬಡಿಸಿಕೊಂಡು ಬಾಳಿದವರು ನಾವು. ಅವಳ ಬಗ್ಗೆ ನಾನು ಹೇಳದಿದ್ದರೆ ಸರಿಯಾಗಿ ಹೇಳುವವರು ಯಾರೂ ಇಲ್ಲ.

ನಮ್ಮ ಊರಲ್ಲಿ ಕೆಟ್ಟ ಸುದ್ದಿಯ ಪೆಟ್ಟು ಬೀಳುವುದು ಅದನ್ನು ಮೊದಲು ಕೇಳಿಸಿಕೊಂಡವರಿಗೆ. ಎರಡನೆಯವರ ಕಿವಿಗೆ ಬೀಳುವ ಹೊತ್ತಿಗೆ ಅದು ಬರೀ ವಿಷಯವಾಗಿರುತ್ತದೆ. ಕಾಗದದಲ್ಲಿ ಓದಿದರೆ ಪೆಟ್ಟಿಲ್ಲ, ಕಣ್ಣಾರೆ ಕಂಡರೂ ಇಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಬರಬೇಕು. ಹಾಗಾದರೆ ಹೇಳದೆ ಇದ್ದುಬಿಡೋಣವೆಂದರೆ ಅದೂ ಆಗುವುದಿಲ್ಲ. ಹೆಸರೆತ್ತಿ ಹೇಳದ ಕಾಯಿಲೆ ಯಾವ ಮದ್ದಿಗೂ ಬಗ್ಗುವುದಿಲ್ಲ. ಹೇಳದ ಸಾವಿನ ಗುಂಡಿಗೆ ಎಷ್ಟು ಮಣ್ಣು ಎಳೆದರೂ ತುಂಬುವುದಿಲ್ಲ. ಹಿಂದಿನವರು ನಾಯಿಗೆ ಹೇಳಿ ನೋಡಿದ್ದಾರೆ, ಬಾವಿಗೆ ಬಗ್ಗಿ ಹೇಳಿ ನೋಡಿದ್ದಾರೆ, ಕಿವುಡರ ಮುಂದೆ ಕೂತು ಹೇಳಿ ಹೇಳಿ ಸುಸ್ತಾಗಿದ್ದಾರೆ. ಕೊನೆಗೆ ಓಣಿಗೊಬ್ಬರನ್ನು ಗೊತ್ತುಮಾಡಿಕೊಂಡು, ಉಳಿದವರು ಕಿವಿಗೆ ಹತ್ತಿ ತುರುಕಿಕೊಂಡು ಬದುಕುವುದನ್ನು ಕಲಿತರು.

ಅದಕ್ಕೊಂದು ಕ್ರಮವಿದೆ. ಸುದ್ದಿಯ ಮನೆಯವರು ಮುಂಚೆಯೇ ಬಂದು, ಇಂಥ ಹೊತ್ತಿಗೆ ಬರುತ್ತೇವೆ ಎಂದು ತಿಳಿಸಿ ಹೋಗಬೇಕು. ಕೇಳುವವರನ್ನು ಗೋಡೆಗೆ ಒರಗಿಸಿ ಕೂರಿಸಿ, ಕಂಬಳಿ ಸುತ್ತಿ ಎದೆಗೆ ಅವಚಿಕೊಳ್ಳಲು ಕೊಟ್ಟು, ಪಕ್ಕದಲ್ಲಿ ಜೀರಿಗೆ ನೀರು ಇಟ್ಟು, ಮೆಲ್ಲಗೆ, ಸುತ್ತಿ ಬಳಸದೆ ಹೇಳಬೇಕು. ಆಮೇಲೆ ಕೇಳಿದವರ ಎದೆ ಊದಿಕೊಳ್ಳುತ್ತದೆ. ಆಸ್ಪತ್ರೆಯ ಚಿತ್ರದಲ್ಲಿ ನೋಡಿದರೆ ಹೃದಯದ ಬುಡ ಸೋರೆಬುರುಡೆಯ ಹಾಗೆ ಉಬ್ಬಿರುತ್ತದೆ. ಕೆಲವು ವಾರ ಮಲಗಿದರೆ ತಾನಾಗಿ ಇಳಿಯುತ್ತದೆ. ಅಷ್ಟು ದಿನ ಆ ಮನೆಯವರು ಬಂದು ಅಡಿಗೆ ಮಾಡಿಹಾಕಬೇಕು, ನೀರು ತುಂಬಬೇಕು. ಹೀಗಾಗಿ ಹಾಲಮ್ಮ ವರ್ಷದಲ್ಲಿ ಅರ್ಧ ಭಾಗ ಊರವರ ಕೈಯಡಿಗೆ ಉಂಡವಳು. ಮಲಗಿದಲ್ಲಿಂದಲೇ ಯಾರ ಸಾರಿಗೆ ಉಪ್ಪು ಹೆಚ್ಚು, ಯಾರ ಮುದ್ದೆ ಗಂಟುಗಂಟು ಎಂದು ಹೆಸರಿಡುವಳು. ಅವಳ ಬಾಯಿಗೆ ಹೆದರಿ ನಮ್ಮ ಓಣಿಯ ಹೆಂಗಸರು ಅಡಿಗೆ ಕಲಿತರು ಎಂದರೂ ನಡೆದೀತು.

ನನ್ನ ಗಂಡ ಮಿಲ್ಲಿನ ಯಂತ್ರದ ಪಟ್ಟಿಗೆ ಸಿಕ್ಕಿ ಸತ್ತಾಗ ಅದನ್ನು ಮೊದಲು ಕೇಳಿದವಳೂ ಅವಳೇ. ನನ್ನ ಕಿವಿಯಲ್ಲಿ ಹತ್ತಿ ಇತ್ತು. ಅವಳು ಒಳಮನೆಯಲ್ಲಿ ಗೋಡೆಗೆ ಒರಗಿ ಬಾಯಿ ತೆರೆದದ್ದು ಕಂಡಿತು, ಕೂಗಿದ್ದು ಕೇಳಿಸಲಿಲ್ಲ. ಆಮೇಲೆ ನನಗೆ ಹೇಳಿದರು. ನನಗೆ ವಿಷಯ ತಿಳಿಯಿತು. ತಿಳಿದು, ಒಲೆಯ ಮೇಲೆ ಉಕ್ಕುತ್ತಿದ್ದ ಬೇಳೆಯನ್ನು ಇಳಿಸಿದೆ. ಊರ ಪದ್ಧತಿಯಂತೆ ಅಳುವುದನ್ನು ಅತ್ತೆ, ಅಷ್ಟೇ. ನನ್ನ ಪಾಲಿನ ಸಂಕಟವನ್ನೆಲ್ಲ ಆಕೆ ಎತ್ತಿಕೊಂಡಳೆಂದು ಕೃತಜ್ಞಳಾಗಿರಬೇಕು, ಇದ್ದೆ. ಆದರೆ ಒಳಗೊಳಗೇ ಸಿಟ್ಟೂ ಇತ್ತು. ನನ್ನ ಗಂಡನ ಸಾವು ನನ್ನ ಹತ್ತಿರ ಇರಲೇ ಇಲ್ಲ, ಪಕ್ಕದ ಕೋಣೆಯಲ್ಲಿ ಅವಳ ಎದೆಯಲ್ಲಿತ್ತು.

ಮೊದಲ ಕಿವಿಯಾದವರು ಪಾಲಿಸಲೇಬೇಕಾದ ಇನ್ನೊಂದು ಮಾತಿದೆ. ಸುದ್ದಿಯ ಮನೆಯವರು ತಾವಾಗಿ ಹೊರಗೆ ಹಾಕುವ ತನಕ ಇವರು ಬಾಯಿ ಬಿಡಬಾರದು. ಯಾರು ಕೇಳಿದರೂ ಯಾರೂ ಬಂದಿಲ್ಲ, ಏನೂ ಹೇಳಿಲ್ಲ ಎನ್ನಬೇಕು. ಹಾಲಮ್ಮ ಇದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ, ಎದೆ ಹಿಡಿದುಕೊಂಡು ಮಲಗಿದ್ದಾಗಲೂ ಕಣ್ಣು ಮಿಟುಕಿಸದೆ "ನಂಗೇನಾಗೈತೆ, ಬಿಸಿಲಿಗೆ ತಲೆ ತಿರುಗ್ತು" ಅನ್ನುವಳು.

ಮಿಲ್ಲಿನಲ್ಲಿ ಬಿದ್ದ ದಿನವೂ ಆಸ್ಪತ್ರೆಯ ಮಂಚದ ಮೇಲೆ ಅವಳು ಹೇಳಿದ್ದು ಅದನ್ನೇ. "ಯಾರೂ ಬಂದಿಲ್ಲ. ಯಾರೂ ಏನೂ ಹೇಳಿಲ್ಲ." ಸುತ್ತ ನಿಂತವರೆಲ್ಲ ತಲೆ ಆಡಿಸಿದರು. ಡಾಕ್ಟರಮ್ಮ ವಿಮಲಾಕ್ಷಿ ಚಿತ್ರ ತೆಗೆಸಿ ನೋಡಿದರು. ಹೃದಯದ ಬುಡ ಊದಿತ್ತು, ಯಾವಾಗಲೂ ಊದುವ ಹಾಗೆಯೇ. ಆಕೆಯೂ ನಮ್ಮ ಊರಲ್ಲೇ ಹುಟ್ಟಿ, ಹೊರಗೆ ಓದಿ ಬಂದವರು. ಮಾಮೂಲಿ ಗುಳಿಗೆ ಬರೆದು, ಮಲಗಿಸಿ ಎಂದು ಹೇಳಿ ಕಳಿಸಿದರು. ನಾವು ಮನೆಗೆ ಕರೆದುತಂದು, ಸುದ್ದಿಯ ಮನೆಯವರು ಅಡಿಗೆ ಹೊತ್ತುಕೊಂಡು ಬರುತ್ತಾರೆಂದು ಕಾದೆವು.

ಯಾರೂ ಬರಲಿಲ್ಲ. ಮೊದಲ ದಿನ ಬರದಿದ್ದಾಗ ಏನೋ ಅಡಚಣೆ ಅಂದುಕೊಂಡೆವು. ವಾರವಾದರೂ ಬರದಿದ್ದಾಗ ಓಣಿಯ ಮುಖ ಬದಲಾಯಿತು. ಹೇಳಿಕಳಿಸದೆ, ಗೋಡೆಗೆ ಒರಗಿಸದೆ, ಕೆಲಸದ ನಡುವೆ ಸುದ್ದಿಯನ್ನು ಕಿವಿಗೆ ಸುರಿದು ಓಡಿಹೋಗುವುದು ನಮ್ಮಲ್ಲಿ ಕೊಲೆಗೆ ಸಮ. ಚಂದ್ರಪ್ಪ ಜಗುಲಿಯ ಮೇಲೆ ಕೂತು, ಹೋಗಿಬರುವವರನ್ನೆಲ್ಲ ದಿಟ್ಟಿಸತೊಡಗಿದ. ಅವನು ಹೆಂಡತಿಯ ಹಣೆಗೆ ಒದ್ದೆ ಬಟ್ಟೆ ಹಾಕಿದ್ದನ್ನು ನಾನು ಕಾಣೆ, ಆದರೆ ಅವಳ ಪರವಾಗಿ ಸಿಟ್ಟು ಮಾಡುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆ ಬೆಳಗ್ಗೆ ಒಲೆಯ ಹತ್ತಿರ ಅವಳನ್ನು ಮಾತಾಡಿಸಿದವರು ಯಾರೆಂದು ಮಿಲ್ಲಿನಲ್ಲಿ ವಿಚಾರಿಸಿದ. ಒಬ್ಬನ ಹೆಸರು ಬಂತು, ಕೊಟ್ರೇಶಿ.

ಕೊಟ್ರೇಶಿ ಅವಲಕ್ಕಿ ಜರಡಿ ಹಿಡಿಯುವವನು, ನಲವತ್ತರ ಹತ್ತಿರದವನು, ಮಾತು ಕಡಿಮೆ. ಮನೆಯಲ್ಲಿ ತಾಯಿಯೊಬ್ಬಳೇ. ಆಕೆಗೆ ಆಗಾಗ ಕೆಮ್ಮು. ಇಷ್ಟು ಸಾಕಾಯಿತು. ಚಂದ್ರಪ್ಪ ಅವನನ್ನು ಮಿಲ್ಲಿನ ಅಂಗಳದಲ್ಲೇ ತಡೆದ.

"ನಿಮ್ಮವ್ವಂಗೆ ಏನಂದ್ರು ಆಸ್ಪತ್ರೇಲಿ?"

"ಆಸ್ಪತ್ರೆಗೇ ಹೋಗಿಲ್ಲಣ್ಣ. ಚೆನ್ನಾಗೇ ಅದಾಳೆ."

"ಚೆನ್ನಾಗಿರೋಳು ಕೆಮ್ತಾಳಾ?"

"ಹೊಟ್ಟಿನ ಧೂಳು, ಯಾರು ಕೆಮ್ಮಲ್ಲ ಇಲ್ಲಿ? ಹೆಪ್ಪಿಗೆ ಸ್ವಲ್ಪ ಮಜ್ಜಿಗೆ ಐತಾ ಅಂತ ಹಾಲಕ್ಕನ್ನ ಕೇಳ್ದೆ. ಸಾಯಂಕಾಲ ಕೊಡ್ತೀನಿ ಅಂದ್ಲು. ಅಷ್ಟೇ ಮಾತಾಡಿದ್ದು."

ಮಜ್ಜಿಗೆ ಕೇಳಿದ್ದಕ್ಕೆ ಯಾರ ಎದೆಯಾದರೂ ಊದುತ್ತದೆಯೇ ಎಂದು ಸುತ್ತಲಿನವರು ನಕ್ಕರು. ನಕ್ಕವರಲ್ಲಿ ನಾನೂ ಇದ್ದೆ. ಹಾಲಮ್ಮನಿಗೆ ಇದು ಗೊತ್ತಾದಾಗ ಅವಳು ಹಾಸಿಗೆಯಲ್ಲಿ ಎದ್ದು ಕೂತು, ಏದುಸಿರು ಬಿಡುತ್ತ, "ಆ ಮನುಷ್ಯನ್ನ ಬಿಡ್ರಿ. ಅವನೇನೂ ಹೇಳಿಲ್ಲ. ನನ್ನಾಣೆ" ಎಂದಳು. ಅದರಿಂದ ಅವನಿಗೆ ಇನ್ನೂ ಕೆಡುಕಾಯಿತು. ಎಂಥ ದೊಡ್ಡ ಗುಣ ನೋಡು, ಸಾಯುವ ಹಾಗೆ ಹೊಡೆದವನ ಮನೆಯ ಮಾನವನ್ನೂ ಕಾಯುತ್ತಾಳೆ ಎಂದು ಓಣಿ ಕೊಂಡಾಡಿತು. ಅವಳು ಆಣೆ ಹಾಕಿದಷ್ಟೂ ಅವನ ಮೇಲಿನ ಗುಮಾನಿ ಗಟ್ಟಿಯಾಯಿತು.

ಅಲ್ಲಿಂದ ಕೊಟ್ರೇಶಿಯ ಮನೆಗೆ ಯಾರೂ ಬೆಂಕಿ ಕೊಡಲಿಲ್ಲ, ಹೆಪ್ಪು ಕೊಡಲಿಲ್ಲ. ಅವನ ಪಕ್ಕ ನಿಂತು ಜರಡಿ ಹಿಡಿಯಲು ಜನ ಒಲ್ಲೆ ಎಂದರು. ಅದಕ್ಕಿಂತ ಕೆಟ್ಟದ್ದೆಂದರೆ ಅವನ ತಾಯಿಯನ್ನು ಜನ ನೋಡುತ್ತಿದ್ದ ರೀತಿ. ನೀರಿಗೆ ಬಂದರೆ ಹೆಂಗಸರು ಸರಿದು ದಾರಿ ಬಿಡುವರು, ಕೊಡ ಎತ್ತಿ ಕೊಡುವರು, ಮಾತು ನಿಲ್ಲಿಸುವರು. ತನಗೆ ಏನೋ ಇದೆ, ಮಗ ತನ್ನಿಂದ ಮುಚ್ಚಿಟ್ಟಿದ್ದಾನೆ ಎಂದು ಆ ಮುದುಕಿ ನಂಬಿಬಿಟ್ಟಳು. ಊಟ ಬಿಟ್ಟಳು. ಮಗನನ್ನು ಕೂರಿಸಿಕೊಂಡು ನನ್ನ ರೋಗದ ಹೆಸರು ಹೇಳು ಎಂದು ಗೋಗರೆದಳಂತೆ. ಒಂದು ದಿನ ಬೆಳಗ್ಗೆ ನೋಡಿದರೆ ಮನೆಗೆ ಬೀಗ. ಕೆರೆಯಾಚೆಯ ಊರಿಗೆ, ಮಗಳ ಮನೆಗೆ ಹೋದರೆಂದು ಯಾರೋ ಹೇಳಿದರು. ಚಂದ್ರಪ್ಪ ಅವತ್ತು ಹೋಳಿಗೆ ಮಾಡಿಸಿದ.

ಆದರೆ ಹಾಲಮ್ಮನ ಎದೆ ಇಳಿಯಲಿಲ್ಲ. ಸ್ವಲ್ಪ ಇಳಿದ ಹಾಗೆ ಮಾಡಿ, ಯಾರೂ ಏನೂ ಹೇಳದೆಯೇ ಮತ್ತೆ ಊದಿತು. ಈ ಸಲ ಅವಳು ಬಿದ್ದದ್ದು ನಮ್ಮ ಹಿತ್ತಲಲ್ಲಿ, ನನ್ನ ಕಣ್ಣೆದುರಿಗೇ, ಅದೇ ಬಟ್ಟೆ ತಂತಿಯ ಕೆಳಗೆ. ಅಲ್ಲಿ ನಾವಿಬ್ಬರೇ ಇದ್ದೆವು. ಆಗ ನಾನು ಆಡುತ್ತಿದ್ದ ಮಾತು ಅವಳು ನನ್ನ ಸೀರೆಯನ್ನು ಮೂಲೆಗೆ ತಳ್ಳಿದ್ದಾಳೆ ಎಂಬುದು. ನನಗೆ ಮೊದಲ ಬಾರಿಗೆ ದಿಗಿಲಾಯಿತು. ಎತ್ತಿ ಕೂರಿಸುವಾಗ ಅವಳ ತೋಳು ಕೈಗೆ ಸಿಕ್ಕಿದ ರೀತಿಯೇ ಬೇರೆಯಾಗಿತ್ತು. ಬರೀ ಮೂಳೆ. ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ನೆರಿಗೆ ನಿಲ್ಲುವುದಿಲ್ಲವೆಂದು ಅವಳು ಸೀರೆಯನ್ನು ಗಂಟು ಹಾಕಿಕೊಂಡಿದ್ದಳು.

"ಎಷ್ಟು ದಿನದಿಂದ ಅಕ್ಕ ಹಿಂಗೆ?"

"ಗೊತ್ತಿಲ್ಲ ಕಣೆ. ಎಲ್ಲಾರೂ ಎದೆ ಎದೆ ಅಂತಿದ್ರಿ, ನಾನೂ ಅದನ್ನೇ ನೋಡ್ಕೊಂಡೆ."

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. ಬೇರೆ ಊರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬಂದ ದಿನ ಮನೆಗೆ ಹೇಳಿಕಳಿಸಿದರು: ಕೇಳುವುದಕ್ಕೆ ಒಬ್ಬರನ್ನು ಗೊತ್ತುಮಾಡಿ, ತಡ ಮಾಡಬೇಡಿ.

ನಮ್ಮ ಓಣಿಗೆ ಈ ಪ್ರಶ್ನೆ ಹಿಂದೆಂದೂ ಬಂದಿರಲಿಲ್ಲ. ಕೇಳುವವಳು ಅವಳೇ, ಈಗ ಅವಳ ಸುದ್ದಿಯನ್ನು ಕೇಳುವವರು ಯಾರು? ಚಂದ್ರಪ್ಪ ತನಗೆ ಬೀಪಿ ಇದೆ ಎಂದ. ಹಿಂದೆ ತನ್ನ ಗಂಡನ ಸಾವನ್ನು ಅವಳಿಗೆ ಕೇಳಿಸಿದ್ದವಳೊಬ್ಬಳು ತನ್ನ ಎದೆ ಹುಟ್ಟಿದಾಗಿನಿಂದಲೂ ಮೆದು ಎಂದಳು. ಅಣ್ಣನದು, ಅಪ್ಪನದು, ಅಳಿಯನದು ಕೇಳಿಸಿದವರೆಲ್ಲ ಅವಳ ತಲೆದಿಂಬಿನ ಹತ್ತಿರ ಬಂದು, ಕಣ್ಣಿಗೆ ಸೆರಗು ಒತ್ತಿ, ಬಾಳೆಹಣ್ಣು ಇಟ್ಟು, ಮಾತು ಆ ಕಡೆ ಹೊರಳುವ ಮೊದಲೇ ಎದ್ದುಹೋದರು. ಪಕ್ಕದ ಓಣಿಯ ಮೊದಲ ಕಿವಿ ತನಗೆ ತನ್ನ ಓಣಿಯದೇ ಸಾಕಾಗಿದೆ ಎಂದು ಹೇಳಿಕಳಿಸಿದ. ಎಲ್ಲರಿಗೂ ಅವಳ ಮೇಲೆ ಪ್ರೀತಿ ಇತ್ತು, ಅದು ಸುಳ್ಳಲ್ಲ. ಆ ಪ್ರೀತಿಯನ್ನು ಕಂಡು ನನಗೆ ವಾಕರಿಕೆ ಬಂತು.

"ನಾನು ಕೇಳ್ತೀನಿ" ಎಂದೆ.

ಹಾಲಮ್ಮ ಬೇಡವೇ ಬೇಡ ಎಂದಳು. "ನಿಂಗೆ ಅಭ್ಯಾಸ ಇಲ್ಲ. ನಾನು ಶುರು ಮಾಡಿದ್ದು ಯಾರದೋ ಮನೆ ಹಸು ಸತ್ತ ಸುದ್ದಿಯಿಂದ. ಮೊದಲನೇ ಸಲಕ್ಕೇ ಇಂಥದ್ದು ತಡಿಯಲ್ಲ."

"ಕೇಳದಿದ್ರೆ ಮದ್ದು ಹಿಡಿಯಲ್ಲ. ಸುಮ್ನೆ ಮಲಗಿ ಸಾಯ್ತೀಯಾ?"

"ನಿನ್ನ ನಾಲಿಗೆ ಒಂದು ದಿನಾನೂ ಸುಮ್ನಿರಲ್ಲ."

"ಇರಲ್ಲ. ಹೆಂಗೆ ಕೇಳ್ಬೇಕು ಅಂತ ಹೇಳಿಕೊಡು."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಹಾಗೇ ಮಲಗಿಕೊಂಡು ಹೇಳಿಕೊಡತೊಡಗಿದಳು. ಉಸಿರು ಹಿಡಿಯಬೇಡ, ಎಲ್ಲರೂ ಮಾಡುವ ತಪ್ಪು ಅದೇ, ಹಿಡಿದರೆ ಪೆಟ್ಟು ಒಳಗೇ ನಿಲ್ಲುತ್ತದೆ. ರವಿಕೆಯ ಮೇಲಿನ ಗುಂಡಿ ಬಿಚ್ಚಿಕೋ. ಹೇಳುವವರ ಮುಖ ನೋಡಬೇಡ, ಕಿಟಕಿಯ ಸರಳು ನೋಡು. ಅಳು ಬಂದರೆ ಅಳು, ಆದರೆ ಎದ್ದು ಓಡಬೇಡ. ಇವನ್ನೆಲ್ಲ ಅವಳು ಭತ್ತ ಎಷ್ಟು ಹೊತ್ತು ನೆನೆಯಬೇಕೆಂದು ಹೇಳುವ ದನಿಯಲ್ಲೇ ಹೇಳಿದಳು. ನಾನು ತಡೆಯಲಾರದೆ ಕೇಳಿಬಿಟ್ಟೆ.

"ನಮ್ಮನೆಯವರದು ಹೆಂಗಿತ್ತಕ್ಕ?"

ಅವಳು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು. ಆಮೇಲೆ, "ಭಾರ ಇತ್ತು" ಎಂದಳು. "ಅದು ನಿಂದು. ನಾನು ಇಟ್ಕೊಂಡಿದ್ದೀನಿ. ಕೇಳ್ಬ್ಯಾಡ."

ಮಾರನೆಯ ದಿನ ಬೆಳಗ್ಗೆ ಆಸ್ಪತ್ರೆಗೆ ಹೋದೆವು. ಹಾಲಮ್ಮ ಹೊರಗಿನ ಜಗುಲಿಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ಮಜ್ಜಿಗೆಯ ಚೊಂಬು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಜ್ಜಿಗೆ ನನಗೆ, ಆಮೇಲೆ ಬೇಕಾಗುತ್ತದೆ ಎಂದು ತಾನೇ ಕಡೆದು ತಂದಿದ್ದಳು. ನಾನು ಒಳಗೆ ಗೋಡೆಗೆ ಒರಗಿ ಕೂತು, ಕಂಬಳಿ ಅವಚಿಕೊಂಡು, ಗುಂಡಿ ಬಿಚ್ಚಿ, ಕಿಟಕಿಯ ಸರಳು ನೋಡಿದೆ. ಮಾಡಿದ್ದು ಸಾಕು, ಎದ್ದು ಮನೆಗೆ ಹೋಗೋಣ ಅನ್ನಿಸಿದ್ದೂ ನಿಜ.

ಡಾಕ್ಟರಮ್ಮ ಬಾಗಿಲು ಹಾಕಿ, ಎದುರಿಗೆ ಕೂತು, ಕ್ರಮದಂತೆ ಮೆಲ್ಲಗೆ ಹೇಳಿದರು. "ಹಾಲಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಹೊಟ್ಟೆಯೆಲ್ಲ ಹರಡಿದೆ."

ನಾನು ಕಾದೆ. ಉಸಿರು ಬಿಟ್ಟೆ, ತೆಗೆದುಕೊಂಡೆ, ಬಿಟ್ಟೆ. ಏನೂ ಆಗಲಿಲ್ಲ. ಎದೆ ತನ್ನ ಪಾಡಿಗೆ ತಾನು ಹೊಡೆದುಕೊಳ್ಳುತ್ತಿತ್ತು. ಮಿಲ್ಲಿನ ಕುಟ್ಟುವ ಸದ್ದು ದೂರದಿಂದ ಕೇಳುತ್ತಿತ್ತು. ನನಗೆ ವಿಷಯ ತಿಳಿಯಿತು, ಅಷ್ಟೇ.

"ಇನ್ನೊಂದ್ಸಲ ಹೇಳಿ" ಎಂದೆ.

ಅವರು ಇನ್ನೊಮ್ಮೆ ಹೇಳಿದರು. ಏನೂ ಇಲ್ಲ. ಡಾಕ್ಟರಮ್ಮ ನನ್ನ ನಾಡಿ ಹಿಡಿದು ನೋಡಿ, ನನ್ನ ಮುಖ ನೋಡಿದರು. "ಯಾರಾದ್ರೂ ಮೊದಲೇ ಕೇಳಿಬಿಟ್ಟಿದಾರಾ? ನಾನಂತೂ ಯಾರ ಹತ್ತಿರಾನೂ ಬಾಯಿ ಬಿಟ್ಟಿಲ್ಲ." ನಾನೂ ಇಲ್ಲ ಎಂದೆ. ಆಮೇಲೆ ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮಿಲ್ಲಲ್ಲಿ ಬಿದ್ದ ದಿನ" ಎಂದರು. "ಆವತ್ತು ಯಾರೂ ಏನೂ ಹೇಳಿಲ್ಲ ಅಂದ್ರಲ್ಲ, ಅದು ನಿಜಾನೇ ಇರಬೇಕು ರುದ್ರಮ್ಮ. ಒಳಗೆ ಇಂಥ ಗಡ್ಡೆ ಬೆಳೀತಿದ್ರೆ ಮೈ ಪೂರ್ತಿ ದಣಿಯುತ್ತೆ, ಆ ದಣಿವೆಲ್ಲ ಎದೆ ಮೇಲೆ ಬೀಳುತ್ತೆ. ಸುದ್ದಿ ಇಲ್ಲದೆ ಎದೆ ಹೀಗೆ ಊದಿದ್ರೆ ಬೇರೆ ಕಡೆ ಹುಡುಕಬೇಕು ಅಂತ ನಾವು ಓದಿರ್ತೀವಿ. ಎಷ್ಟೋ ಜನಕ್ಕೆ ಎರಡೂ ಒಟ್ಟಿಗೆ ಇರುತ್ತೆ. ಆದ್ರೆ ಇವರು ಹಾಲಮ್ಮ ಅಲ್ವಾ. ನಾನೂ ಸುದ್ದಿ ಅಂತಲೇ ಅಂದುಕೊಂಡೆ."

ಅವಳ ಹೊಟ್ಟೆ ಹೇಳಿತ್ತು, ಅವಳ ಎದೆ ಕೇಳಿಸಿಕೊಂಡಿತ್ತು. ನಾವು ಆ ಸುದ್ದಿಯನ್ನು ಹುಡುಕಿಕೊಂಡು ಓಣಿಯೆಲ್ಲ ತಿರುಗಿ, ಒಬ್ಬ ಬಡಪಾಯಿಯ ಮನೆಗೆ ಬೀಗ ಹಾಕಿಸಿದೆವು. ಅವಳು ನಿಜ ಹೇಳಿದಳು. ನಾವು ತಲೆ ಆಡಿಸಿ ಅವಳ ಗುಣವನ್ನು ಹೊಗಳಿದೆವು. ಆವತ್ತೇ ಹೊಟ್ಟೆ ಮುಟ್ಟಿ ನೋಡಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರಮ್ಮನನ್ನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

"ಇನ್ನೊಂದು ಇದೆ" ಎಂದರು ಅವರು. "ಇದು ಯಾರೂ ಕೇಳಿರದ್ದು. ಹೇಳಲಾ?"

ನಾನು ಕಂಬಳಿಯನ್ನು ಮತ್ತೆ ಅವಚಿಕೊಂಡೆ.

"ಈ ಕಾಯಿಲೆಗೆ ಕೊಡೋ ಔಷಧಿ ಎದೆ ಮೇಲೆ ಬೀಳುತ್ತೆ. ಅವರ ಎದೆ ಅದನ್ನ ತಡೆಯಲ್ಲ. ಕೊಟ್ರೆ ಔಷಧಿಯಲ್ಲೇ ಹೋಗ್ತಾರೆ. ಇನ್ನು ಮಾಡೋದು ಏನೂ ಇಲ್ಲ. ಮತ್ತೆ ಯಾರ ಸುದ್ದಿನೂ ಕೇಳಿಸಬೇಡಿ, ಇನ್ನೊಂದು ಪೆಟ್ಟು ಬಿದ್ರೆ ಆ ಕ್ಷಣಕ್ಕೇ ಮುಗೀತು."

ಅದು ಬಂತು. ಎದೆಯ ನಡುವೆ ಯಾರೋ ಮಂಡಿ ಊರಿ ಕೂತ ಹಾಗಾಯಿತು. ಎಡಗೈ ಸತ್ತುಹೋ​ಯಿತು. ಹೇಳಿಕೊಟ್ಟದ್ದೆಲ್ಲ ಮರೆತು ಉಸಿರು ಹಿಡಿದೆ, ಕಿಟಕಿ ಕಾಣದಾಯಿತು. ಹಾಲಕ್ಕ ಇರುವುದಿಲ್ಲ. ತಂತಿಯ ಮೇಲೆ ಅವಳ ಸೀರೆ ಇರುವುದಿಲ್ಲ, ನನ್ನ ಸಾರಿಗೆ ಹೆಸರಿಡುವವರು ಇರುವುದಿಲ್ಲ, ಬೆಳಗ್ಗೆ ಎದ್ದು ಜಗಳವಾಡಲು ಆ ಮನೆಯಲ್ಲಿ ಯಾರೂ ಇರುವುದಿಲ್ಲ. ನಾನು ಅಷ್ಟು ಜೋರಾಗಿ ಕೂಗಿದೆನೆಂದು ಆಮೇಲೆ ಡಾಕ್ಟರಮ್ಮ ಹೇಳಿದರು, ನನಗೆ ಗೊತ್ತಿಲ್ಲ. ಅವಳು ವರ್ಷಗಟ್ಟಲೆ ಇದನ್ನು ಮನೆ ಮನೆಯವರಿಗಾಗಿ ಮಾಡಿದ್ದಳು, ಆಮೇಲೆ ಮಲಗಿಕೊಂಡು ಉಪ್ಪು ಹೆಚ್ಚಾಯಿತು ಎಂದಿದ್ದಳು.

ಹೊರಗೆ ತಂದು ಕೂರಿಸಿದಾಗ ಹಾಲಮ್ಮ ಹತ್ತಿ ತೆಗೆದು ಎಸೆದು ನನ್ನ ಪಕ್ಕಕ್ಕೆ ಬಂದಳು. ಬೆನ್ನಿನ ಮೇಲೆ, ಬೆನ್ನೆಲುಬಿನ ಬಲಕ್ಕೆ ಅಂಗೈ ಇಟ್ಟು ಒತ್ತಿದಳು. ಎಲ್ಲಿ ಒತ್ತಬೇಕೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಯಾರೂ ಹಾಗೆ ಒತ್ತಿರಲಿಲ್ಲ. "ಬಿಡು. ಉಸಿರು ಬಿಡು. ಹಂಗೆ. ಮಜ್ಜಿಗೆ ಕುಡಿ." ನಾನು ಒಂದು ಗುಟುಕು ಕುಡಿದೆ. "ಕೇಳಿದ್ಯಲ್ಲ, ಗಟ್ಟಿಗಿತ್ತಿ. ಇನ್ನು ಮದ್ದು ಹಿಡಿತದೆ. ಯಾವಾಗಿಂದ ಶುರು ಮಾಡ್ತಾರಂತೆ?"

ಅವಳ ಮುಖದಲ್ಲಿ ಆಸೆ ಇತ್ತು. ಈಗ ಹೇಳಬಹುದಿತ್ತು, ಹೇಳಿದರೆ ಅವಳಿಗೆ ನೋಯುವುದಿಲ್ಲ. ನಾನು ಹೇಳಿದೆ. ಹೊಟ್ಟೆಯಲ್ಲಿ ಕ್ಯಾನ್ಸರ್, ಅದನ್ನು ನಿನ್ನ ಎದೆ ಆವತ್ತೇ ಕೇಳಿಸಿಕೊಂಡಿತ್ತು. ಮದ್ದು ಕೊಡುವ ಹಾಗಿಲ್ಲ, ಇನ್ನೊಂದು ಪೆಟ್ಟು ಬಿದ್ದರೆ ಉಳಿಯುವುದಿಲ್ಲ.

"ಹಂಗಾ" ಎಂದಳು. ಇವತ್ತು ಮಿಲ್ಲಿಗೆ ರಜೆ ಎಂದು ಹೇಳಿದ್ದರೂ ಅವಳು ಅಷ್ಟೇ ಹೇಳುತ್ತಿದ್ದಳು. ಸ್ವಲ್ಪ ಯೋಚಿಸಿ, "ಕೊಟ್ರೇಶಿಗೆ ಹೇಳಿಕಳಿಸ್ಬೇಕು. ಅವನ ತಾಯಿಗೆ ಏನೂ ಇಲ್ಲ ಅಂತ ಯಾರಾದ್ರೂ ಹೋಗಿ ಹೇಳ್ಬೇಕು" ಎಂದಳು. ನನ್ನ ಬೆನ್ನಿನ ಮೇಲಿನ ಕೈ ತೆಗೆಯಲಿಲ್ಲ. ಅವಳ ಸಾವು ಅವಳಿಗೆ ಬರೀ ವಿಷಯ. ಅದರ ಭಾರ ನನ್ನಲ್ಲಿತ್ತು. ನನಗೆ ಅಷ್ಟು ಸಂಕಟದಲ್ಲೂ ಒಂದು ಸಮಾಧಾನ ಆಯಿತು, ಇದನ್ನಾದರೂ ಅವಳಿಗಾಗಿ ಮಾಡಿದೆ ಎಂದು.

ಜಗುಲಿಯ ಆ ತುದಿಯಲ್ಲಿ ನಮ್ಮ ಓಣಿಯ ಉಮಕ್ಕ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಮಗು ಮೂರರ ಒಳಗಿನದು. ಕತ್ತಿನ ಎರಡೂ ಕಡೆ ಗಂಟು ಎದ್ದು, ಕಣ್ಣು ಗುಳಿ ಬಿದ್ದಿದ್ದವು. ಹಾಲಮ್ಮ ಹಾಸಿಗೆ ಹಿಡಿದಾಗಿನಿಂದ ಓಣಿಯ ಸುದ್ದಿಗಳು ಆಸ್ಪತ್ರೆಯಲ್ಲೇ ನಿಂತುಬಿಟ್ಟಿದ್ದವು. ಈ ಮಗುವಿನದೂ ನಿಂತಿತ್ತು. ಹೆತ್ತವಳು ತನ್ನ ಮಗುವಿನ ಸುದ್ದಿ ಮೊದಲು ಕೇಳಿದರೆ ಬದುಕುವುದಿಲ್ಲ ಎಂಬುದು ನಾವೆಲ್ಲ ಕಂಡದ್ದೇ. ಉಮಕ್ಕ ಎದ್ದು ಬಂದು ನನ್ನ ಮುಂದೆ ನಿಂತಳು.

"ರುದ್ರಕ್ಕ, ನಿಂಗೆ ತಡೀತಲ್ಲ. ಇದ್ರದ್ದೂ ಒಂದು ಕೇಳ್ತೀಯಾ? ಗಂಟಲಲ್ಲಿ ನೀರೂ ಇಳೀತಿಲ್ಲ ಇದಕ್ಕೆ."

ನನಗೆ ತಲೆ ಎತ್ತುವುದಕ್ಕೂ ಆಗಲಿಲ್ಲ.

"ಅವಳ ಕೈಲಿ ಇವತ್ತು ಆಗಲ್ಲ" ಎಂದಳು ಹಾಲಮ್ಮ. "ನಾನು ಕೇಳ್ತೀನಿ ನಡಿ."

ನಾನು ಅವಳ ಸೆರಗು ಹಿಡಿದೆ. ಇದ್ದ ಶಕ್ತಿಯನ್ನೆಲ್ಲ ಬೆರಳಿಗೆ ತಂದು ಹಿಡಿದೆ. ಅವಳು ಬಗ್ಗಿ, ಮಗುವಿನ ಮುಷ್ಟಿ ಬಿಡಿಸುವ ಹಾಗೆ ಒಂದೊಂದೇ ಬೆರಳು ಬಿಡಿಸಿದಳು.

"ಹೆಂಗೂ ಹೋಗೋ ಎದೆ. ಇಟ್ಕೊಂಡು ಏನು ಮಾಡ್ಲಿ ಹೇಳು?"

ಅವಳಿಗೆ ಅದು ಅಷ್ಟು ಸುಲಭವಾಗಿತ್ತು. ಸುಲಭ ಮಾಡಿಕೊಟ್ಟವಳು ನಾನೇ. ಆ ಭಾರ ಅವಳ ಮೇಲೆಯೇ ಬಿದ್ದಿದ್ದರೆ ಹೆದರಿಯಾದರೂ ಕೂತಿರುತ್ತಿದ್ದಳು, ನಾಲ್ಕು ದಿನ ಹೆಚ್ಚು ಇರಬೇಕೆಂದು ಆಸೆಪಡುತ್ತಿದ್ದಳು. ಉಮಕ್ಕನ ಮಗುವನ್ನು ನೋಡಿದೆ. ಬೇಡ ಎಂದು ಕೂಗುವುದಕ್ಕೆ ಉಸಿರು ಇರಲಿಲ್ಲ. ಇದ್ದಿದ್ದರೂ ಆ ಮಗುವಿನ ಎದುರು ಕೂಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಹಾಲಮ್ಮ ನಿಧಾನವಾಗಿ ನಡೆದು ಒಳಗೆ ಹೋದಳು. ಡಾಕ್ಟರಮ್ಮ ಬಾಗಿಲಲ್ಲೇ ಅವಳನ್ನು ತಡೆದದ್ದು ಕಂಡಿತು. ಇಬ್ಬರೂ ಏನೋ ವಾದ ಮಾಡಿದರು. ಹಾಲಮ್ಮ ಮಗುವಿನ ಕಡೆ ಕೈ ತೋರಿಸಿದಳು. ಆಮೇಲೆ ಬಾಗಿಲು ಹಾಕಿಕೊಂಡಿತು.

ಉಮಕ್ಕ ತನ್ನ ಕಿವಿಗೂ ಮಗುವಿನ ಕಿವಿಗೂ ಹತ್ತಿ ತುಂಬಿಕೊಂಡು ಕಣ್ಣು ಮುಚ್ಚಿ ಕೂತಳು. ಒಳಗಿನಿಂದ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಉಸಿರು ಕೇಳಿಸಿತು, ದೀರ್ಘವಾಗಿ, ಹಿಡಿಯದೆ ಬಿಟ್ಟದ್ದು. ಆಮೇಲೆ ಡಾಕ್ಟರಮ್ಮ ಯಾರನ್ನೋ ಕೂಗಿದ್ದು, ಮಂಚ ಎಳೆದದ್ದು, ಓಡಾಡಿದ್ದು.

ಮಗುವಿಗೆ ಅವತ್ತೇ ಔಷಧಿ ಶುರು ಮಾಡಿದರು. ಹಿಡಿಯಿತು. ಈಗ ಅದು ಓಣಿಯಲ್ಲಿ ಓಡಾಡಿಕೊಂಡಿದೆ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ಬಾಗಿಲು ತೆರೆಯಿತು, ಡಾಕ್ಟರಮ್ಮ ಹೊರಗೆ ಬಂದು, ಹಿಂದೆ ಬಾಗಿಲು ಎಳೆದುಕೊಂಡು ನಿಂತರು. ಜಗುಲಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಚಂದ್ರಪ್ಪ ಬಂದಿರಲಿಲ್ಲ. ಉಮಕ್ಕ ಕಣ್ಣು ತೆರೆಯಲಿಲ್ಲ. ಅವರು ನನ್ನನ್ನು ನೋಡಿ, ನಿನ್ನಿಂದ ಆಗುವುದಿಲ್ಲ ಎನ್ನುವ ಹಾಗೆ ತಲೆ ಅಲ್ಲಾಡಿಸಿ, ನಮ್ಮ ಮನೆಗೆ ಹೇಳಿಕಳಿಸಲು ಆಳನ್ನು ಕರೆಯಹೋದರು. ಹಾಲಕ್ಕನ ಸುದ್ದಿಯನ್ನು ಇನ್ನೊಬ್ಬರು ಮೊದಲು ಕೇಳಿಸಿಕೊಂಡು, ಅವಳು ನನಗೆ ಬರೀ ವಿಷಯವಾಗುವುದು ನನಗೆ ಬೇಡವಾಗಿತ್ತು. ನಾನು ಕೈ ಊರಿಕೊಂಡು ಸರಿದು, ಬೆನ್ನನ್ನು ಗೋಡೆಗೆ ಕೊಟ್ಟೆ.

"ಇಲ್ಲೇ ಹೇಳಿ ಡಾಕ್ಟರಮ್ಮ" ಎಂದೆ. "ನಂಗೇ ಹೇಳಿ."